ಭಾನುಪ್ರಿಯ ಬಿಟ್ಟುಕೊಟ್ಟ ಸೀಟು

ಕಬ್ಬಾಳಿನ ಮುನಿಯಪ್ಪನ ಹೆಣ್ಣುಮಕ್ಕಳಿಬ್ಬರಿಗೂ ಬೆಂಗಳೂರಿನ ಕಾಲೇಜೊಂದರಲ್ಲಿ ಎಂ.ಕಾಂ. ಫೈನಾನ್ಸ್ ಸೀಟು ಸಿಕ್ಕಿದ್ದು ಒಂದೇ ದಿನ, 2006ರಲ್ಲಿ. ದೊಡ್ಡವಳು ಭಾನುಪ್ರಿಯ ಬಿ.ಕಾಂ. ಮುಗಿಸಿ ವರ್ಷವಾಗಿತ್ತು, ಸೊಂಟ ಮುರಿದುಕೊಂಡು ಮಲಗಿದ್ದ ತಾಯಿ ಕೆಂಚಮ್ಮನನ್ನೂ ರೇಷ್ಮೆಹುಳುಗಳನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಚಿಕ್ಕವಳು ನವ್ಯಶ್ರೀ ಆಗಷ್ಟೇ ಬಿ.ಕಾಂ. ಪಾಸಾಗಿದ್ದಳು.

"ಇಬ್ರೂ ಹಾಸ್ಟೆಲ್ ಸೇರ್ಕಂಡ್ರೆ ನಿಮ್ಮವ್ವನ ಎತ್ತಿ ಕೂರ್ಸೋರು ಯಾರು?" ಎಂದ ಮುನಿಯಪ್ಪ.

"ನಂಗೇನೂ ಓದೋ ಆಸೆ ಇಲ್ಲ ಕಣಪ್ಪ. ನವ್ಯ ಹೋಗ್ಲಿ," ಎಂದಳು ಭಾನುಪ್ರಿಯ. ಹಾಗೆಂದು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವಳು ಬಹಳ ಹೊತ್ತು ಬರಲೇ ಇಲ್ಲ.

ಓದನ್ನು ಮಾತ್ರ ಅವಳು ಬಿಡಲಿಲ್ಲ. ತಂಗಿ ತಿಂಗಳಿಗೊಮ್ಮೆ ಬರುವಾಗ ತರುತ್ತಿದ್ದ ನೋಟ್ಸಿನ ಜೆರಾಕ್ಸನ್ನು, ಹುಳುಗಳಿಗೆ ಸೊಪ್ಪು ಹಾಕಿ ಅವ್ವನಿಗೆ ಉಣ್ಣಿಸಿ ಉಳಿದ ಹೊತ್ತಿನಲ್ಲಿ ಓದುತ್ತಿದ್ದಳು. ಕೊನೆಯ ಸೆಮಿಸ್ಟರಿಗೆ ಪ್ರಾಜೆಕ್ಟು ಇದೆಯೆಂದು ತಿಳಿದಾಗ ತಾನೇ ಒಂದನ್ನು ಬರೆಯತೊಡಗಿದಳು. ಗೂಡಿನ ಬೆಲೆ ಬಿದ್ದ ವರ್ಷ ರೇಷ್ಮೆ ಬೆಳೆಗಾರರು ಹೇಗೆ ಸಂಭಾಳಿಸುತ್ತಾರೆ ಎಂಬುದು ವಿಷಯ. ಊರಿನ ಮನೆಮನೆಗೆ ಹೋಗಿ ವಿಚಾರಿಸಿ ಅರವತ್ತು ಪುಟ ಬರೆದಳು. ತಂಗಿಗೆ ಅನುಕೂಲವಾಗಲಿ ಎಂದು ಒಂದು ಬೆಳಿಗ್ಗೆ, ಅವಳಿಗೆ ತಿಳಿಸದೆ, ಬಸ್ಸು ಹತ್ತಿ ಕಾಲೇಜಿಗೆ ಒಯ್ದಳು.

"ನವ್ಯಶ್ರೀ ಎರಡನೇ ಸೆಮಿಸ್ಟರ್ ಆದ್ಮೇಲೆ ಬಿಟ್ಟು ಹೋದಳಲ್ಲಮ್ಮ," ಎಂದರು ಅಲ್ಲಿನ ಮೇಡಂ. ನಾಲ್ಕಾರು ಪುಟ ತಿರುವಿ, "ನೀವೇ ಬರೆದಿದ್ದಾ? ನೀವ್ಯಾಕೆ ಸೇರಲಿಲ್ಲ?" ಎಂದೂ ಕೇಳಿದರು. ಭಾನುಪ್ರಿಯ ತಂಗಿ ಈಗ ಎಲ್ಲಿದ್ದಾಳೆಂದು ವಿಚಾರಿಸಿದಳು.

ನವ್ಯಳ ಸಹಪಾಠಿಯೊಬ್ಬಳು ವಿಳಾಸ ಕೊಟ್ಟಳು. ಬಿಡದಿ ಕೈಗಾರಿಕಾ ಪ್ರದೇಶದ ಹತ್ತಿರ ಒಂದು ಬಾಡಿಗೆ ಕೋಣೆ. ಕಾರ್ಖಾನೆಯ ಯೂನಿಫಾರ್ಮಿನಲ್ಲೇ ಬಾಗಿಲು ತೆರೆದ ನವ್ಯ ಅಕ್ಕನನ್ನು ಕಂಡು ಬಿಳಿಚಿಕೊಂಡಳು.

"ಸ್ಟೋರ್ಸಲ್ಲಿ ಕೆಲ್ಸಕ್ಕೆ ಸೇರಿ ವರ್ಸ ಆಗ್ತಾ ಬಂತು ಕಣಕ್ಕ. ಆ ಓದು ನಂಗೆ ಹತ್ಲಿಲ್ಲ."

"ಮತ್ತೆ ತಿಂಗ್ಳು ತಿಂಗ್ಳು ತತ್ತಿದ್ದ ನೋಟ್ಸು?"

"ಫ್ರೆಂಡ್ಸ್ ಹತ್ರ ಇಸ್ಕಂಡು ಜೆರಾಕ್ಸ್ ಮಾಡುಸ್ತಿದ್ದೆ. ನೀನು ಅದಕ್ಕೇ ಕಾಯ್ಕಂಡಿರ್ತಿದ್ದೆ."

"ಮೊದ್ಲೇ ಒಂದ್ ಮಾತು ಹೇಳಿದ್ರೆ ನಾನಾದ್ರೂ ಹೋಯ್ತಿದ್ನಲ್ಲೇ."

"ಆಸೆ ಇಲ್ಲ ಅಂದೋಳು ನೀನೇ ಅಲ್ವಾ? ನಾನು ನಿಜ ಅನ್ಕಂಡೆ. ಸುಳ್ಳು ಅಂತ ಗೊತ್ತಾಗೋ ಹೊತ್ಗೆ ಹೇಳಕ್ಕೆ ಧೈರ್ಯ ಬರ್ಲಿಲ್ಲ." ನವ್ಯ ಅಳುತ್ತ ಅಕ್ಕನ ಕೈ ಹಿಡಿದಳು. "ಕೆಲ್ಸ ಬುಟ್ಟು ಬತ್ತೀನಿ. ಅವ್ವನ ನಾನ್ ನೋಡ್ಕತೀನಿ. ನೀನು ಅರ್ಜಿ ಹಾಕು."

ಕೊಟ್ಟ ಮಾತಿನಂತೆ ಅವಳು ಅರ್ಜಿ ಕರೆದ ವಾರವೇ ಊರಿಗೆ ಬಂದಳು. ಆದರೆ ಕೆಂಚಮ್ಮ ಅವಳ ಕೈಯಿಂದ ಒಂದು ತುತ್ತೂ ಉಣ್ಣಲಿಲ್ಲ. ಎತ್ತಿ ಕೂರಿಸಲು ಹೋದರೆ ಮಗುವಿನಂತೆ ಅಳುತ್ತಿದ್ದಳು. "ಭಾನು ಎಲ್ಲವ್ಳೆ? ಅವ್ಳು ಹೋದ್ರೆ ನಾನು ಉಳಿಯಾಕಿಲ್ಲ," ಎಂದೇ, ಭಾನುಪ್ರಿಯ ಸೊಪ್ಪಿಗೆ ಹೋದಾಗಲೆಲ್ಲ ಕನವರಿಸಿದಳು.

ಹನ್ನೊಂದನೆಯ ದಿನ ಭಾನುಪ್ರಿಯಳೇ ತಂಗಿಯ ಬ್ಯಾಗು ಹಿಡಿದು ಅವಳನ್ನು ಬಿಡದಿಯ ಬಸ್ಸಿಗೆ ಹತ್ತಿಸಿದಳು. ತಾನು ಅರ್ಜಿ ಹಾಕಲಿಲ್ಲ; ಅದರ ಕೊನೆಯ ದಿನ ಅದೇ ವಾರ ಕಳೆದುಹೋಯಿತು. ಮರುವರ್ಷ ಅವಳು ವಿಚಾರಿಸಲೂ ಇಲ್ಲ.