ಮೊದಲು ಯಾರ ಬಾವುಟ

ದರ್ಜಿಗೆ ನೀರೆಂದರೆ ಭಯ, ಹೆಂಡತಿಯೆಂದರೆ ಅದಕ್ಕಿಂತ ತುಸು ಹೆಚ್ಚು. ಬಂದರಿನ ಜನ ಅವನ ಹೆಂಡತಿಯನ್ನು ಚುಕ್ಕಾಣಿಯಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನಿಂದ ಬಂದ ಹಾಯಿದೋಣಿಯನ್ನು ಒಬ್ಬಳೇ ನಡೆಸುವವಳು, ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ದಡದ ಅಂಗಡಿಯಲ್ಲಿ ಹಾಯಿಗೆ ತೇಪೆ ಹಾಕಿಕೊಂಡು ಸುಖವಾಗಿದ್ದ ಗಂಡ ಆ ಬೆಳಿಗ್ಗೆ, "ಹೊಸ ಬಾವುಟ ಹೊಲಿದಿದ್ದೀನಿ. ಗಾಳೀಲಿ ಹೇಗೆ ಹಾರುತ್ತೆ ನೋಡ್ಬೇಕು, ನಾನೂ ಬರ್ತೀನಿ" ಎಂದಾಗ ಅವಳು ಅವನ ಮುಖವನ್ನೇ ದಿಟ್ಟಿಸಿದಳು.

"ಇವತ್ತು ಯಾವ ಹಡಗು ಹೊರಡುತ್ತೆ ಅಂತ ನಂಗೊತ್ತಿಲ್ಲ ಅಂದ್ಕೊಂಡ್ರಾ?" ಎಂದಳು. ಆದರೂ ಬೇಡ ಎನ್ನಲಿಲ್ಲ.

ಹೊರಡುವ ಹಡಗಿನ ಕ್ಯಾಪ್ಟನ್ ಅವಳ ತಂಗಿ. ತಾಯಿಯಿಲ್ಲದ ಆ ಮಗುವನ್ನು ಎತ್ತಿ ಆಡಿಸಿದವಳು ಅಕ್ಕ, ಶಾಲೆಗೆ ಅಂಗಿ ಹೊಲಿದುಕೊಟ್ಟವನು ಭಾವ. ದೋಣಿಯನ್ನು ಇಬ್ಬರೂ ಸೇರಿ ನಡೆಸಬೇಕೆಂದು ಅಕ್ಕನಿಗೆ ಆಸೆಯಿತ್ತು. ತಂಗಿ ಇಂಜಿನ್ ಹಡಗು ಹತ್ತುತ್ತೇನೆಂದ ದಿನ, "ಆ ಕಬ್ಬಿಣದ ಡಬ್ಬಿಗೆ ಕಾಲಿಟ್ರೆ ಈ ಹೊಸ್ತಿಲಿಗೆ ಕಾಲಿಡಬೇಡ" ಎಂದುಬಿಟ್ಟಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಒಂದೇ ಅಪ್ಪನ ಮಕ್ಕಳು, ಇಬ್ಬರೂ ಬಗ್ಗಲಿಲ್ಲ, ವರ್ಷಗಳು ಉರುಳಿದವು. ಹಿಂದಿನ ದಿನ ತಂಗಿ ಕದ್ದುಮುಚ್ಚಿ ಅಂಗಡಿಗೆ ಬಂದು ಕೋಟಿನ ತೋಳಿಗೆ ಚಿನ್ನದ ಪಟ್ಟಿ ಹೊಲಿಸಿಕೊಂಡಿದ್ದಳು. ಹೋಗುವಾಗ, "ಈ ಸಲ ಹೋದ್ರೆ ಯಾವಾಗ ಬರ್ತೀನೋ ಗೊತ್ತಿಲ್ಲ ಭಾವ. ಅಕ್ಕನ ದೋಣಿ ದೂರದಿಂದ ಕಂಡ್ರೂ ಸಾಕು" ಎಂದಿದ್ದಳು. ಆ ರಾತ್ರಿಯೇ ದರ್ಜಿ ಹೊಸ ಬಾವುಟಕ್ಕೆ ಬಟ್ಟೆ ಕತ್ತರಿಸಿದ.

ದಡ ಬಿಡುವ ಮೊದಲು ಬಾವುಟ ಏರಿಸಿದ್ದು ಅವನೇ. ಹಾಯಿಕಂಬದ ಬುಡದಲ್ಲಿ ಎರಡು ಕೊಂಬಿನ ಒಂದು ಪುಟ್ಟ ಗೂಟ, ಕ್ಲೀಟು ಅಂತಾರೆ. ಬಾವುಟದ ಹಗ್ಗವನ್ನು ಆ ಕೊಂಬುಗಳಿಗೆ ಎಂಟರ ಆಕಾರದಲ್ಲಿ ಸುತ್ತಿ, ಕೊನೆಯ ಸುತ್ತನ್ನು ತಿರುವಿ ಸಿಕ್ಕಿಸಿದರೆ ಮುಗಿಯಿತು.

"ಗಂಟು ಗಿಂಟು ಹಾಕ್ಬೇಡಿ" ಎಂದಿದ್ದಳು ಹೆಂಡತಿ. "ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು."

ದಾರದ ತುದಿಯನ್ನು ಹಾಗೇ ಬಿಟ್ಟವನು ದರ್ಜಿಯೇ? ಅವಳು ಅತ್ತ ತಿರುಗಿದ್ದೇ ತಡ, ಅಭ್ಯಾಸಬಲ, ಗಂಟಿನ ಮೇಲೆ ಗಂಟು ಬಿಗಿದು ಕೈ ಒರೆಸಿಕೊಂಡ.

ಅಲೆ ತಡೆಯುವ ಬಂದರಿನ ಕಲ್ಲುಗೋಡೆ ದಾಟಿ ದೋಣಿ ಬಯಲು ಕಡಲಿಗೆ ಬಂತು. ಅಂಗಡಿಯ ಕಿಟಕಿಯ ಅಳತೆಯಲ್ಲಿ ಸಮುದ್ರವನ್ನು ಕಂಡವನು ಅವನು. ಇಲ್ಲಿ ಅದಕ್ಕೆ ಅಂಚೇ ಇರಲಿಲ್ಲ. ತಾನೇ ಮಡಿಲಲ್ಲಿಟ್ಟು ಹೊಲಿದ ಹಾಯಿ ಗಾಳಿ ತುಂಬಿಕೊಂಡು, ಇಡೀ ದೋಣಿಯನ್ನು ಒಂದು ಪಕ್ಕಕ್ಕೆ ಬಗ್ಗಿಸಿ ಎಳೆದೊಯ್ಯುತ್ತಿತ್ತು. ಇಷ್ಟು ಬಲವನ್ನು ತನ್ನ ಹೊಲಿಗೆ ತಡೆಯುತ್ತಿದೆಯೇ ಎಂದು ನೆನೆದು ಅವನಿಗೆ ಭಯವೂ ಆಯಿತು, ಕಣ್ಣೂ ತುಂಬಿತು. ಹೆಂಡತಿ ಚುಕ್ಕಾಣಿಯ ಹಿಡಿಗೆ ಬರೀ ಎರಡು ಬೆರಳು ಇಟ್ಟು ಕುಳಿತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದ್ದು ಇವಳ ಜೊತೆಗೇನಾ ಎನ್ನಿಸಿತು ಅವನಿಗೆ.

ದೂರದಲ್ಲಿ ಹಡಗು ಬಂದರಿನಿಂದ ಹೊರಬಿತ್ತು.

ಕಡಲಿನಲ್ಲಿ ಒಂದು ಮರ್ಯಾದೆಯಿದೆ. ಎದುರಾದಾಗ ಚಿಕ್ಕದು ದೊಡ್ಡದಕ್ಕೆ ಬಾವುಟವನ್ನು ಅರ್ಧಕ್ಕೆ ಇಳಿಸಿ ನಮಸ್ಕಾರ ಹೇಳುತ್ತದೆ. ದೊಡ್ಡದು ತನ್ನದನ್ನು ಇಳಿಸಿ, ಮತ್ತೆ ಏರಿಸಿ ಉತ್ತರ ಕೊಡುತ್ತದೆ. ಆ ಉತ್ತರ ಮುಗಿಯುವ ತನಕ ಮೊದಲು ಬಗ್ಗಿದವರು ಬಗ್ಗಿಯೇ ಇರಬೇಕು.

"ಬಾವುಟ ಇಳಿಸೋಣ ಕಣೇ" ಎಂದ ದರ್ಜಿ.

"ಅವಳು ಚಿಕ್ಕೋಳು. ನಾನ್ಯಾಕೆ ಮೊದಲು ಬಗ್ಗಲಿ?"

"ದೋಣಿ ಚಿಕ್ಕದಲ್ವೇನೇ?"

"ದೋಣಿ ಚಿಕ್ಕದು. ನಾನಲ್ಲ."

"ನಾನು ಹಗ್ಗ ಬಿಚ್ಚಿ ಹಿಡ್ಕೊಂಡಿರ್ತೀನಿ. ನೀನು ಹೇಳಿದ್ರೆ ಇಳಿಸ್ತೀನಿ, ಇಲ್ದಿದ್ರೆ ಇಲ್ಲ" ಎಂದು ಎದ್ದ.

"ಕೊಕ್ಕೆ ಹಾಕದೆ ಎದ್ರೆ ಕಾಲು ಮುರೀತೀನಿ. ಬಗ್ಗಿ ಹೋಗಿ. ಒಂದು ಕೈ ನಿಮ್ಮ ಜೀವಕ್ಕೆ, ಒಂದು ಕೈ ಕೆಲಸಕ್ಕೆ."

ಸೊಂಟದ ಪಟ್ಟಿಯ ಕೊಕ್ಕೆಯನ್ನು ಡೆಕ್ಕಿನ ಉದ್ದಕ್ಕೂ ಬಿಗಿದ ಹಗ್ಗಕ್ಕೆ ಸಿಕ್ಕಿಸಿ, ಅಂಬೆಗಾಲಿಟ್ಟು ಕಂಬದ ಬುಡ ತಲುಪಿದ. ಗೂಟದ ಹಗ್ಗಕ್ಕೆ ಕೈ ಹಾಕಿದ. ನೀರು ಕುಡಿದು ಉಬ್ಬಿದ ಗಂಟುಗಳು ಕಲ್ಲಾಗಿದ್ದವು. ಮಾಡಿದ್ದುಣ್ಣೋ ಮಹರಾಯ. ಕಂಬವನ್ನು ಎರಡು ಕಾಲಲ್ಲೂ ಬಳಸಿ ಕುಳಿತು ಉಗುರು ಹಾಕಿದ. ಉಗುರು ಮುರಿಯಿತೇ ಹೊರತು ಗಂಟು ಮಿಸುಕಲಿಲ್ಲ.

ಅಷ್ಟರಲ್ಲಿ ಬಿಸಿಲು ಮಾಯವಾಯಿತು. ತಲೆಯೆತ್ತಿದರೆ ಆಕಾಶದ ಜಾಗದಲ್ಲಿ ಕಬ್ಬಿಣದ ಗೋಡೆ. ಹತ್ತಿರ ಬಂದ ಹಡಗು ಅವರ ಗಾಳಿಯನ್ನೇ ತಡೆದುಬಿಟ್ಟಿತ್ತು. ಹಾಯಿ ಜೋತುಬಿತ್ತು, ದೋಣಿ ನೆಟ್ಟಗಾಯಿತು, ಎಲ್ಲ ಸದ್ದೂ ನಿಂತುಹೋಯಿತು. ಒಂದು ಊರೇ ಎದ್ದು ನೀರಿನ ಮೇಲೆ ನಡೆದು ಹೋಗುತ್ತಿತ್ತು, ಅದನ್ನು ನಡೆಸುತ್ತಿದ್ದವಳು ಸೂಜಿಗೆ ದಾರ ಪೋಣಿಸಲು ಬಾರದೆ ಅಳುತ್ತಿದ್ದ ಹುಡುಗಿ. ಎಲ್ಲೋ ಮೇಲೆ, ಕಟಕಟೆಯ ಬಳಿ, ಇರುವೆಯಷ್ಟು ಒಂದು ಆಕೃತಿ ಅಲುಗದೆ ನಿಂತಿತ್ತು. ದರ್ಜಿ ಕೈಮುಗಿಯಬೇಕೆನ್ನಿಸಿ ಕೈಮುಗಿದೇಬಿಟ್ಟ.

ಗೋಡೆ ಸರಿದು ಸರಿದು ಹಡಗಿನ ಹಿಂಬದಿ ಬಂತು. ಅಲ್ಲಿ, ದೊಡ್ಡ ಬಾವುಟ ಮೆಲ್ಲಗೆ ಕೆಳಗಿಳಿಯತೊಡಗಿತು. ಅರ್ಧಕ್ಕೆ ಬಂದು ನಿಂತಿತು.

ದೊಡ್ಡದು ಮೊದಲು ಬಗ್ಗಿತ್ತು. ಬಂದರಿನ ಕಣ್ಣೆದುರು, ತನ್ನ ಇಡೀ ಸಿಬ್ಬಂದಿಯ ಎದುರು, ತೇಪೆ ಹಾಕಿದ ಹಾಯಿಯ ಒಂದು ದೋಣಿಗೆ.

"ರೀ." ಹೆಂಡತಿಯ ದನಿ ಅವನು ಎಂದೂ ಕೇಳಿರದಂಥದು. "ಇಳಿಸ್ರೀ."

"ಗಂಟು..."

"ಏನು ಗಂಟು?"

"ಹಾಕಿಬಿಟ್ಟಿದ್ದೀನಿ ಕಣೇ."

ಅವನ ಜೇಬಿನಲ್ಲಿದ್ದ ಕತ್ತರಿಗೆ ಕೈ ಹೋಯಿತು. "ಕತ್ತರಿಸ್ಬೇಡಿ" ಎಂದಳು. "ಬಾವುಟ ಬಿದ್ದೇ ಹೋಗುತ್ತೆ. ಮತ್ತೆ ಏರಿಸೋಕಾಗಲ್ಲ. ಅವಳು ಕಾಯ್ತಿದ್ದಾಳೆ, ಬೇಗ."

ಅವನು ಗಂಟಿಗೆ ಹಲ್ಲು ಹಾಕಿದ. ಆಗಲೇ ಹಡಗು ದಾಟಿ ಗಾಳಿ ಒಮ್ಮೆಲೇ ಮರಳಿತು, ದೋಣಿ ಮಗುಚುವಂತೆ ವಾಲಿತು, ಹಡಗು ಎಬ್ಬಿಸಿದ ಅಲೆ ಡೆಕ್ಕಿನ ಮೇಲೆ ಹಾದು ಅವನನ್ನು ಕಂಬದಿಂದ ಕಿತ್ತು ಎಳೆಯಿತು. ಸೊಂಟದ ಪಟ್ಟಿ ಜಗ್ಗಿ ನಿಲ್ಲಿಸಿತು. ಕೆಮ್ಮುತ್ತಾ ಮತ್ತೆ ತೆವಳಿ ಬಂದು ಕಚ್ಚಿದ. ಬಾಯಿ ತುಂಬಾ ಉಪ್ಪು, ಅದರಲ್ಲಿ ರಕ್ತದ್ದೆಷ್ಟು ನೀರಿನದೆಷ್ಟು ತಿಳಿಯಲಿಲ್ಲ. ಹಡಗು ಚಿಕ್ಕದಾಗುತ್ತಿತ್ತು, ಅದರ ಬಾವುಟ ಮಾತ್ರ ಅರ್ಧದಲ್ಲೇ ನಿಂತಿತ್ತು. ಕೊನೆಗೂ ಒಂದು ಎಳೆ ಸಡಿಲಿತು, ಮತ್ತೊಂದು, ಇನ್ನೊಂದು. ಹಗ್ಗ ಕೈಗೆ ಬಂತು.

ಇಳಿಸಿದ. ಹೊಸ ಬಾವುಟ ಕಂಬದ ಅರ್ಧಕ್ಕೆ ಬಂದು ಫಡಫಡಿಸಿತು. ಹಡಗಿನ ಸೈರನ್ನಿನ ಒಂದು ಕೂಗು ಕೇಳಿಸಿತು, ಎಷ್ಟು ಆಳದ್ದೆಂದರೆ ಕಿವಿಗಿಂತ ಮೊದಲು ಡೆಕ್ಕಿನ ಹಲಗೆ ಅದನ್ನು ಕೇಳಿಸಿಕೊಂಡು ನಡುಗಿತು.

ಇನ್ನು ಏರಿಸಬೇಕು. ಅಪ್ಪಣೆಗಾಗಿ ದರ್ಜಿ ಹಿಂದೆ ತಿರುಗಿದ. ಅವನ ಹೆಂಡತಿ, ಬಿರುಗಾಳಿಯಲ್ಲೂ ಕಣ್ಣೊದ್ದೆ ಮಾಡಿಕೊಳ್ಳದವಳು, ಮುಖವೆಲ್ಲ ನೀರಾಗಿ ಆ ದೂರದ ಬಾವುಟವನ್ನೇ ನೋಡುತ್ತಿದ್ದಳು. ಅವನು ಹಗ್ಗ ಹಿಡಿದು ಕಾದ.

"ಏರಿಸಿಬಿಡಿ" ಎಂದಳು ಕೊನೆಗೆ. "ಸಾಕು. ಮಗು ಎಷ್ಟು ಹೊತ್ತು ಅಂತ ಬಗ್ಗಿ ನಿಂತಿರುತ್ತೆ."