ಬೀಮ್ ಬದಲಾಯಿಸಿದ್ದೇವೆ

"ಲೇ ಪಿಳ್ಳಣ್ಣ, ಮಗ್ಗ ಓಡ್ಸೋಕೆ ನಿನ್ನ ಇಟ್ಕೊಂಡಿರೋದು, ನೋಟಿಸ್ ಓದೋಕಲ್ಲ! ನಾಕಕ್ಷರ ಬಂದ್ಬಿಟ್ರೆ ಬಡ್ಡೀಮಗನಿಗೆ ಕೊಬ್ಬು!"

ಸೌಕಾರ ರಾಮಾಂಜಿನಪ್ಪನ ಬೈಗುಳ ಹನ್ನೆರಡು ಮಗ್ಗಗಳ ಸದ್ದನ್ನೂ ಮೀರಿ ಕೇಳಿಸಿತು. ಪಿಳ್ಳಣ್ಣ ಬಾಗಿಲು ಬಿಟ್ಟು ಒಳಗೆ ಬಂದ. ಕಟ್ಟಡ ನೋಡಿಹೋದ ನಗರಸಭೆ ಇಂಜಿನಿಯರ್ ಹರ್ಷಿತ ಬಾಗಿಲಿಗೆ ಅಂಟಿಸಿದ್ದ ಕಾಗದ ಅದು. 'ಬೀಮ್ ಶಿಥಿಲಗೊಂಡಿದೆ. ಬದಲಾಯಿಸುವವರೆಗೆ ಕೆಲಸ ನಿಷೇಧಿಸಿದೆ.'

ದೊಡ್ಡಬಳ್ಳಾಪುರದ ಮಗ್ಗದವರಿಗೆ ಬೀಮ್ ಅಂದರೆ ಒಂದೇ. ಹಾಸಿನ ನೂಲು ಸುತ್ತಿಕೊಂಡು ಮಗ್ಗದ ಹಿಂದೆ ತಿರುಗುವ ಉರುಳೆ. ಹನ್ನೆರಡನ್ನೂ ತಡವಿ ನೋಡಿದೆವು. ಏಳನೆಯದು ಕೊಂಚ ಅಲ್ಲಾಡುತ್ತಿತ್ತು. ಒಂದು ಬೋಲ್ಟಿಗೂ ತಿಂಗಳುಗಟ್ಟಲೆ ಸತಾಯಿಸುವ ಸೌಕಾರ ಅವತ್ತೇ ಹೊಸ ಬೀಮ್ ತರಿಸಿಕೊಟ್ಟ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೂರನೇ ದಿನ ಹರ್ಷಿತ ಮತ್ತೆ ಬಂದಳು.

"ಇನ್ನೂ ಒಳಗಿದೀರಾ? ನೋಟಿಸ್ ಓದ್ಲಿಲ್ವಾ?"

"ಬದಲಾಯ್ಸಿದೀವಲ್ಲಮ್ಮ," ಎಂದು ಪಿಳ್ಳಣ್ಣ ಹೊಸ ಉರುಳೆಯನ್ನು ತಟ್ಟಿ ತೋರಿಸಿದ.

ಆಕೆ ಬಿಳಿಚಿಕೊಂಡಳು. ಬೆರಳು ನಮ್ಮ ತಲೆಯ ಮೇಲಕ್ಕೆ ಹೋಯಿತು. "ಅದಲ್ಲ, ಇದು. ಸ್ಟ್ರಕ್ಚರಲ್ ಬೀಮ್. ಶಿಯರ್ ಕ್ರ್ಯಾಕ್..."

"ನಿಮ್ಮ ಮಾತಿನ ಮನೆ ಹಾಳಾಗ! ತೊಲೆ ಅನ್ಬಾರ್ದೇನಮ್ಮಾ?" ಕಿರುಚಿದೆ ನಾನು. "ಮುತ್ತಮ್ಮ, ತೊಲೆ ಬಿರುಕು ಬಿಟ್ಟದೆ, ತಲೆ ಮೇಲೆ ಬೀಳ್ತದೆ, ಓಡು ಅಂತ ನಂಗೊಂದು ಮಾತು ಅಂದಿದ್ರೆ ಮೊನ್ನೇನೇ ಓಡ್ತಿದ್ವಲ್ಲ!"

ಹರ್ಷಿತ ಬಾಗಿಲ ಕಡೆ ಕೈ ತೋರಿಸಿದಳು. "ತಪ್ಪಾಯ್ತು. ತೊಲೆ. ಬೀಳತ್ತೆ. ಎಲ್ಲಾ ಆಚೆ ಹೋಗಿ."

ಆ ತೊಲೆಯ ಮೇಲಿನ ಮಹಡಿಯಲ್ಲೇ ಸೌಕಾರ ಹೋದ ತಿಂಗಳು ಎಂಟು ಹೊಸ ಮಗ್ಗ ಹಾಕಿಸಿದ್ದ. ಗದ್ದಲ ಕೇಳಿ ಬಂದಿದ್ದ ಅವನತ್ತ ತಿರುಗಿದೆ.

"ನಿಮ್ಗೆ ಗೊತ್ತಿತ್ತಾ?"

"ಗೊತ್ತಿದ್ರೆ ಏನೇ ಮಾಡ್ತೀಯ? ಮದುವೆ ಸೀಸನ್ ಮುಗೀಲಿ, ರಿಪೇರಿ ಮಾಡಿಸ್ತೀನಿ. ಮುಚ್ಕೊಂಡು ಮಗ್ಗಕ್ಕೆ ಹೋಗು, ಮುಂಡೆ."

ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ಮೈನ್ ಸ್ವಿಚ್ ಎಳೆದೆ. ಕೆಳಗಿನವು, ಮೇಲಿನವು, ಎಲ್ಲ ಮಗ್ಗಗಳೂ ಒಟ್ಟಿಗೆ ನಿಂತವು. ಮಹಡಿಯವರನ್ನೂ ಕೂಗಿ ಇಳಿಸಿಕೊಂಡು ಬೀದಿಗೆ ಬಂದೆವು.

"ಕತ್ತೆಮುಂಡೇವಾ, ಒಬ್ರನ್ನೂ ಇಟ್ಕೊಳಲ್ಲ!" ಎನ್ನುತ್ತಾ ಸೌಕಾರ ಸ್ವಿಚ್ಚಿನತ್ತ ಓಡಿದ.

ಮಗ್ಗದ ಗದ್ದಲವಿಲ್ಲದ ಶೆಡ್ಡಿನಲ್ಲಿ ತೊಲೆಯ ಸದ್ದು ಮೊದಲ ಸಲ ಕೇಳಿಸಿತು. ಟಕ್. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಸೌಕಾರನ ಕೈ ಸ್ವಿಚ್ಚಿನ ಮೇಲೆ ಹಾಗೇ ನಿಂತಿತು, ಕಣ್ಣು ಮೇಲಕ್ಕೆ ಹೋಯಿತು.

"ಆಚೆ ಬನ್ನಿ!" ಹರ್ಷಿತ ಕೂಗಿದಳು.

ನಾವು ಯಾರೂ ಕೂಗಲಿಲ್ಲ.