ಎರಡು ಸುತ್ತು

"ತುಳೀರಿ ಭಾವ... ಹಿಡ್ಕೊಳ್ಳಿ... ಹಾಂ, ಬಿಡಿ. ಇನ್ನೊಂದ್ಸಲ."

ಕಾರಿನ ಅಡಿಯಿಂದ ಗುಂಡನ ದನಿ ಬರುತ್ತಿತ್ತು. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಕಾಲು ಮಾತ್ರ. ಸೀಟಿನಲ್ಲಿ ಕೂತ ಡಾಕ್ಟ್ರು ಅವನು ಹೇಳಿದಂತೆ ಬ್ರೇಕಿನ ಪೆಡಲನ್ನು ತುಳಿಯುತ್ತ, ಬಿಡುತ್ತ ಇದ್ದರು. ಬ್ರೇಕಿನ ಎಣ್ಣೆಯೊಳಗೆ ಗಾಳಿ ಸೇರಿಕೊಂಡಿತ್ತು. ಅದನ್ನು ಪೂರ್ತಿ ಹೊರಗೆ ಹಾಕಿದ ಹೊರತು ಪೆಡಲು ಗಟ್ಟಿಯಾಗುವಂತಿರಲಿಲ್ಲ. ಬೆಳಿಗ್ಗೆ ತುಳಿದರೆ ಕೊಚ್ಚೆಯಲ್ಲಿ ಕಾಲಿಟ್ಟಂತೆ ನೆಲದವರೆಗೆ ಇಳಿದುಹೋಗುತ್ತಿದ್ದ ಪೆಡಲು ಈಗ ಒಂದೊಂದು ತುಳಿತಕ್ಕೂ ಒಂದಿಷ್ಟು ಬಿಗಿಯಾಗುತ್ತಿತ್ತು.

"ಈಗ ಹೇಗಿದೆ?"

"ಇನ್ನೂ ಸ್ವಲ್ಪ ಮೆತ್ತಗಿದೆ ಕಣೋ," ಎಂದರು ಡಾಕ್ಟ್ರು. ಮೆತ್ತಗಿರಲಿಲ್ಲ. ಕಲ್ಲಿನಂತಿತ್ತು.

ಗುಂಡ ತೆವಳಿಕೊಂಡು ಹೊರಗೆ ಬಂದು, ತಾನೇ ಕೈಯಿಂದ ಪೆಡಲು ಒತ್ತಿ ನೋಡಿ ನಕ್ಕ. "ಏನ್ ಭಾವ, ಇದಕ್ಕಿಂತ ಗಟ್ಟಿ ಬೇಕಾ ನಿಮಗೆ? ಮಧ್ಯಾಹ್ನ ಆರಾಮಾಗಿ ಹೊಡೀಬಹುದು."

ಡಾಕ್ಟ್ರು ಡಾಕ್ಟರಲ್ಲ. ಇಪ್ಪತ್ತೇಳು ವರ್ಷದಿಂದ ಔಷಧಿ ಅಂಗಡಿ ಇಟ್ಟುಕೊಂಡು, ಗಾಜಿನ ಮೇಜಿನಾಚೆ ನಿಂತವರಿಗೆ "ಏನೂ ಆಗಲ್ಲ, ಹೆದರ್ಬೇಡಿ" ಎನ್ನುತ್ತ ಮಾತ್ರೆ ಕತ್ತರಿಸಿಕೊಟ್ಟವರು. ಆ ಮಾತಿಗೇ ಜನ ಅವರನ್ನು ಡಾಕ್ಟ್ರು ಮಾಡಿಬಿಟ್ಟಿದ್ದರು. ಗುಂಡ ಅವರ ಹೆಂಡತಿಯ ತಮ್ಮ. ಎಲುಬು ಎಣಿಸಬಹುದಾದ ಮೈಯವನಿಗೆ ಗುಂಡ ಎಂದು ಯಾರು ಕರೆದರೋ. ಸ್ವಂತ ಗ್ಯಾರೇಜು ಇಟ್ಟುಕೊಂಡಿದ್ದ. ಎರಡು ವರ್ಷದ ಕೆಳಗೆ ಯಾರೋ ಗುಜರಿಗೆ ಹಾಕಲು ತಂದ ಹಳೆ ನೀಲಿ ಕಾರನ್ನು ಭಾವ, ಭಾವಮೈದ ಸೇರಿ ಬಿಚ್ಚತೊಡಗಿದ್ದರು. ಭಾನುವಾರ ಬಂತೆಂದರೆ ಡಾಕ್ಟ್ರ ಉಗುರಿನ ಸಂದಿಯಲ್ಲಿ ಗ್ರೀಸು. ಹೀಗೆ ಕಟ್ಟಿ ನಿಲ್ಲಿಸಿದ ಕಾರನ್ನು ಓಡಿಸಲೆಂದೇ ಈಗ ಕಾರ್ ರೇಸಿನ ಈ ಟ್ರ್ಯಾಕಿಗೆ ಬಂದಿದ್ದರು. ಇಲ್ಲಿ ಪಂದ್ಯವಿಲ್ಲ, ಬಹುಮಾನವಿಲ್ಲ. ತಮ್ಮಂಥವರೇ ಮೂವತ್ತು ನಲವತ್ತು ಮಂದಿ ಎರಡು ದಿನ ಸರದಿಯ ಮೇಲೆ ತಮ್ಮ ತಮ್ಮ ಕಾರನ್ನು ಮನಸಾರೆ ಓಡಿಸಿ ಮನೆಗೆ ಹೋಗುವುದು, ಅಷ್ಟೆ.

ಶನಿವಾರ ಬೆಳಿಗ್ಗೆಯ ಮೊದಲ ಸರದಿಯಲ್ಲೇ ಅದು ಆಗಿತ್ತು. ಮೂರನೇ ತಿರುವು ಎಡಕ್ಕೆ ಬಾಗಿ, ಒಮ್ಮೆಗೇ ಕೆಳಕ್ಕಿಳಿಯುತ್ತಿತ್ತು. ಡಾಕ್ಟ್ರು ಅಲ್ಲಿ ಆಕ್ಸಿಲರೇಟರಿನಿಂದ ತುಸು ಬೇಗ ಕಾಲು ತೆಗೆದರೋ, ತಡವಾಗಿ ತೆಗೆದರೋ, ಕಾರಿನ ಹಿಂಭಾಗ ಕಳಚಿಕೊಂಡಂತೆ ಜಾರಿತು. ಆಕಾಶ, ಹುಲ್ಲು, ತಡೆಗೋಡೆ, ಮತ್ತೆ ಆಕಾಶ. ಬುಗುರಿಯಂತೆ ತಿರುಗಿದ ಕಾರು ನಿಂತಾಗ ಬಂದ ದಾರಿಗೇ ಮುಖ ಮಾಡಿತ್ತು. ಎದುರಿನಿಂದ ಒಂದು ಬಿಳಿ ಕಾರು ನೇರವಾಗಿ ಬರುತ್ತಿತ್ತು. ಅದು ಒಂದು ಮೊಳ ದೂರದಲ್ಲಿ ಸರಿದುಹೋಗುವಾಗ, ಹೆಲ್ಮೆಟ್ಟಿನೊಳಗೆ ಅದರ ಚಾಲಕನ ಕಣ್ಣು ಅಗಲವಾಗಿ ತೆರೆದಿದ್ದದ್ದು ಡಾಕ್ಟ್ರಿಗೆ ಕಂಡಿತು.

"ಏನಾಯ್ತು ಭಾವ?" ಎಂದು ಗುಂಡ ಓಡಿಬಂದಾಗ, "ಏನಿಲ್ಲ, ಸ್ವಲ್ಪ ಜಾರ್ತು," ಎಂದುಬಿಟ್ಟರು. ಆಮೇಲೆ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು, ಹೊರಗಿನಿಂದ ಯಾರೋ ಬಾಗಿಲು ಬಡಿಯುವವರೆಗೆ ಅಲ್ಲೇ ಕೂತರು.

ಅಲ್ಲಿಂದಾಚೆ ಕಾರಿಗೇ ಅವರ ಮೇಲೆ ಕರುಣೆ ಹುಟ್ಟಿದಂತಾಯಿತು. ಮಧ್ಯಾಹ್ನದ ಸರದಿಗೆ ಮುಂಚೆ ಎಂಜಿನ್ ಕಾದುಹೋಯಿತು. ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಸೀಳಿಹೋಗಿತ್ತು. ಡಾಕ್ಟ್ರು ಮುಖ ಸಪ್ಪೆ ಮಾಡಿಕೊಂಡು ಒಳಗೊಳಗೇ ಉಸಿರು ಬಿಟ್ಟರು. ಗುಂಡ ಮೂವರ ಹತ್ತಿರ ಕೇಳಿ, ನಾಲ್ಕನೆಯವನಿಂದ ಹೊಸ ಪೈಪು ತಂದು ಹಾಕಿ, ಅದನ್ನು ಹಿಡಿದಿಡುವ ಕಬ್ಬಿಣದ ಕ್ಲಿಪ್ಪಿನ ಸ್ಕ್ರೂ ಬಿಗಿಯುವಷ್ಟರಲ್ಲಿ ಆ ಸರದಿ ಮುಗಿದಿತ್ತು. ಭಾನುವಾರ ಬೆಳಿಗ್ಗೆ ಬ್ರೇಕು ಹೋಯಿತು. ಅದೂ ಈಗ ಸರಿಹೋಯಿತು. ಗುಂಡನ ಕೈಗೆ ಸಿಕ್ಕಿದ ಮೇಲೆ ಯಾವುದು ತಾನೇ ಕೆಟ್ಟೇ ಉಳಿದೀತು?

ಇನ್ನು ಉಳಿದದ್ದು ಮೂರು ಗಂಟೆಯ ಕೊನೆಯ ಸರದಿ. ಹೆದರಿಕೆಯಾಗುತ್ತಿದೆ ಎಂದು ಹೇಳಲು ಡಾಕ್ಟ್ರು ಎರಡು ಸಲ ಬಾಯಿ ತೆರೆದರು. ಎರಡು ಸಲವೂ ಚಹಾ ಬೇಕೇ ಎಂದು ಕೇಳಿದರು. ಗುಂಡ ಕೈ ತೊಳೆಯಲು ಹೋಗಿದ್ದ. ಜೊತೆಗೆ ಬಂದಿದ್ದ ಡಾಕ್ಟ್ರ ಹೆಂಡತಿ ಮಡಚುವ ಕುರ್ಚಿಯಿಂದೆದ್ದು ಅವನ ಹಿಂದೆಯೇ ಏನೋ ಮಾತಾಡುತ್ತ ಹೋಗಿದ್ದಳು. ಬಾನೆಟ್ಟು ತೆರೆದಿತ್ತು. ಸ್ಕ್ರೂಡ್ರೈವರ್ ಬ್ಯಾಟರಿಯ ಮೇಲಿತ್ತು.

ನಿನ್ನೆ ಒಂದು ಕೆಂಪು ಕಾರನ್ನು ಟ್ರ್ಯಾಕಿನ ಗೇಟಿನಲ್ಲೇ ತಡೆದಿದ್ದರು. ಅಡಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತೆಂದು. ಯಾರಿಗೂ ಏನೂ ಆಗಲಿಲ್ಲ. ಅವನು ವಾಪಸು ಹೋದ, ಅಷ್ಟೆ.

ಡಾಕ್ಟ್ರು ಕ್ಲಿಪ್ಪಿನ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿದರು. ಬಾನೆಟ್ಟು ಮುಚ್ಚಿದರು. ಕೈ ಒರೆಸಿಕೊಂಡರು. ಅರ್ಧ ನಿಮಿಷದ ಕೆಲಸ.

"ಭಾವ," ಎಂದ ಗುಂಡ, ಹಿಂದಿನಿಂದ. ಡಾಕ್ಟ್ರು ಬೆಚ್ಚಿಬಿದ್ದರು. "ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಈ ಕೊನೇ ಸರದಿ ನಂಗೆ ಬಿಟ್ಕೊಡ್ತೀರಾ? ಅಕ್ಕ ಬೇರೆ ಪಕ್ಕದಲ್ಲಿ ಕೂರ್ತೀನಿ ಅಂತ ಹಟ ಹಿಡಿದಿದ್ದಾಳೆ."

ಹೆಂಡತಿ ಆಗಲೇ ಯಾರದೋ ಹೆಲ್ಮೆಟ್ಟು ತೊಟ್ಟು ಬಂದಿದ್ದಳು. ಗಲ್ಲದ ಪಟ್ಟಿ ಹಾಕಲು ಬಾರದೆ ಗಂಡನ ಮುಂದೆ ಕತ್ತು ಚಾಚಿ ನಿಂತಳು. ಡಾಕ್ಟ್ರ ಬೆರಳು ಪಟ್ಟಿಯನ್ನು ತಾವಾಗಿಯೇ ಬಿಗಿದವು. ಹೇಳಬೇಕು. ಈಗಲೇ ಹೇಳಬೇಕು. ಹೇಳಿದರೆ ಯಾಕೆ ಎನ್ನುತ್ತಾರೆ.

"ಗುಂಡಾ..."

"ಏನ್ ಭಾವ?"

"ಮೆಲ್ಲಗೆ ಹೋಗು."

"ಮೆಲ್ಲಗೆ ಹೋಗೋಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದು ಹೆಂಡತಿ ಹೆಲ್ಮೆಟ್ಟಿನೊಳಗಿಂದ ನಕ್ಕಳು.

ಗೇಟಿನಲ್ಲಿ ಹಿಡಿಯುತ್ತಾರೆ. ಹಿಡಿದೇ ಹಿಡಿಯುತ್ತಾರೆ. ಅಲ್ಲಿ ನಿಂತಿದ್ದವನು ಬಗ್ಗಿ ಕಾರಿನಡಿ ನೋಡಿದ, ಚಕ್ರಗಳನ್ನು ಅಲ್ಲಾಡಿಸಿದ. ಎಂಜಿನ್ ತಣ್ಣಗಿತ್ತು, ನೆಲ ಒಣಗಿತ್ತು. ಅವನು ಕಾರಿನ ನೆತ್ತಿಯ ಮೇಲೆ ಎರಡು ಬಾರಿ ತಟ್ಟಿ ಹೋಗು ಎಂದ.

ಮೊದಲ ಸುತ್ತು ಮುಗಿಸಿ ಕಾರು ಎದುರಿಗೆ ಹಾದುಹೋಯಿತು. ಒಳಗಿಂದ ಒಂದು ಕೈ ಎದ್ದು ಬೀಸಿತು. ನೋಡು, ಏನೂ ಆಗಲಿಲ್ಲ, ಎಂದು ಡಾಕ್ಟ್ರು ತಮಗೆ ತಾವೇ ಹೇಳಿಕೊಂಡರು. ಗಾಜಿನ ಮೇಜಿನ ಹಿಂದೆ ನಿಂತು ಹೇಳುವ ಅದೇ ದನಿಯಲ್ಲಿ. ಆದರೆ ತಲೆ ಬೇರೆ ಲೆಕ್ಕ ಹಾಕುತ್ತಿತ್ತು. ಎಂಜಿನ್ ಕಾದಂತೆ ನೀರಿಗೆ ಒತ್ತಡ ಬರುತ್ತದೆ. ಸಡಿಲವಾದ ಪೈಪು ತೊಟ್ಟಿಕ್ಕುವುದಿಲ್ಲ, ಒಂದೇ ಸಲ ಕಿತ್ತುಕೊಳ್ಳುತ್ತದೆ. ಕುದಿನೀರು ಸುರಿಯುವುದು ಅದೇ ಕಾರಿನ ಚಕ್ರದ ಮುಂದೆ. ಅದು ತಿರುವಿನಲ್ಲಾದರೆ? ಮೂರನೆಯದರಲ್ಲಾದರೆ?

ಎರಡನೇ ಸಲ ಹಾದುಹೋದಾಗ ಬಾನೆಟ್ಟಿನ ಅಂಚಿನಿಂದ ದಾರದಷ್ಟು ಬಿಳಿ ಹಬೆ ಏಳುತ್ತಿತ್ತು. ಈ ಸಲವೂ ಒಳಗಿನ ಕೈ ಬೀಸಿತು.

ಡಾಕ್ಟ್ರು ಓಡಿದರು. ಐವತ್ತೆರಡರ ವಯಸ್ಸಿನಲ್ಲಿ, ಮಂಡಿನೋವಿಗೆ ತಮ್ಮದೇ ಅಂಗಡಿಯ ಮುಲಾಮು ಹಚ್ಚಿಕೊಳ್ಳುವ ಮನುಷ್ಯ, ಕಬ್ಬಿಣದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಾವುಟದ ಅಟ್ಟಣೆ ಸೇರಿದರು. ಅಲ್ಲಿ ಟೋಪಿ ಹಾಕಿಕೊಂಡ ಹಿರಿಯ ಹೆಂಗಸೊಬ್ಬಳು ಕೈಯಲ್ಲಿ ವಾಕಿಟಾಕಿ ಹಿಡಿದು ನಿಂತಿದ್ದಳು. ಎರಡು ದಿನದಿಂದ ಎಲ್ಲ ಕಾರೂ ಆಕೆಯ ಬಾವುಟಕ್ಕೇ ನಿಂತು ನಡೆಯುತ್ತಿದ್ದವು.

"ನಿಲ್ಸಿ... ಆ ನೀಲಿ ಕಾರು... ಎಲ್ಲಾ ನಿಲ್ಸಿಬಿಡಿ."

"ಯಾಕೆ? ಏನಾಗಿದೆ?"

"ನೀರಿನ ಪೈಪು ಸಡಿಲ ಇದೆ."

"ನಿಮಗೆ ಹೇಗೆ ಗೊತ್ತು?"

ಉಸಿರು ಎಳೆದುಕೊಳ್ಳಲು ಆಗುತ್ತಿರಲಿಲ್ಲ. "ನಾನೇ ಸಡಿಲ ಮಾಡಿದ್ದು."

ಆಕೆ ಅವರ ಮುಖವನ್ನು ಒಂದು ಕ್ಷಣ ನೋಡಿದಳು. ಮತ್ತೇನೂ ಕೇಳಲಿಲ್ಲ. ವಾಕಿಟಾಕಿ ಬಾಯಿಗಿಟ್ಟು, "ಎಲ್ಲಾ ತಿರುವಿಗೂ ಹೇಳ್ತಿದ್ದೀನಿ, ಕೆಂಪು ಬಾವುಟ, ಕೆಂಪು ಬಾವುಟ," ಎಂದಳು.

ಕಾರುಗಳು ಒಂದೊಂದಾಗಿ ವೇಗ ಕಳೆದುಕೊಂಡು ಒಳಗೆ ಬರತೊಡಗಿದವು. ಬಿಳಿಯದು ಬಂತು. ಹಳದಿ ಬಂತು. ಬಾಲ ಮುರಿದ ಬೂದು ಕಾರು ಬಂತು. ಆಮೇಲೆ ರಸ್ತೆ ಖಾಲಿ. ಎಂಜಿನ್ನುಗಳ ಸದ್ದು ಅಡಗಿದ ಮೇಲೆ, ಕಂಬದ ಮೇಲಿನ ಬಾವುಟ ಗಾಳಿಗೆ ಬಡಿದುಕೊಳ್ಳುವುದೂ ಕಿವಿಗೆ ಬೀಳುತ್ತಿತ್ತು. ಡಾಕ್ಟ್ರು ಕಂಬಿ ಹಿಡಿದು ನಿಂತರು. ಹೆಲ್ಮೆಟ್ಟಿನ ಪಟ್ಟಿ ಸರಿಯಾಗಿ ಬಿಗಿದಿದ್ದೆನೇ? ಅದೊಂದೇ ಪ್ರಶ್ನೆ ತಲೆಯೊಳಗೆ ಗಿರಕಿ ಹೊಡೆಯುತ್ತಿತ್ತು.

ವಾಕಿಟಾಕಿ ಗರಗರ ಎಂದಿತು. "ಮೂರನೇ ತಿರುವು. ನೀಲಿ ಕಾರು ಹುಲ್ಲಿಗೆ ಇಳಿದಿದೆ."

"ಜನ?" ಎಂದಳು ಆಕೆ.

ಉತ್ತರ ಬರಲಿಲ್ಲ. ಆಕೆ ಮತ್ತೆ ಕೇಳಿದಳು. ಡಾಕ್ಟ್ರು ಕಣ್ಣು ಮುಚ್ಚಿಕೊಂಡರು.

"...ಇಬ್ಬರೂ ಇಳಿದು ನಿಂತಿದ್ದಾರೆ. ಗೋಡೆಗೆ ಎರಡು ಮಾರು ಮುಂಚೆ ನಿಂತಿದೆ. ಬಾವುಟ ನೋಡಿ ಕಾಲು ತೆಗೆದಿದ್ದನಂತೆ, ಅಷ್ಟರಲ್ಲಿ ನೀರು ಸುರಿದು ಹಿಂದಿನ ಚಕ್ರ ಜಾರಿದೆ."

ಡಾಕ್ಟ್ರು ಕಬ್ಬಿಣದ ನೆಲದ ಮೇಲೆ ಕೂತುಬಿಟ್ಟರು. ಬಾವುಟದಾಕೆ ತನ್ನ ನೀರಿನ ಬಾಟಲಿ ಅವರ ಕೈಗಿತ್ತು, "ಅವರಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವೂ ಇರಲಿಲ್ಲ.

ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಹೆಂಡತಿ ಇಳಿದು, "ಅಯ್ಯಪ್ಪಾ, ಗಿರಗಿರ ಅಂತ ತಿರುಗ್ತು ಕಣ್ರೀ," ಎಂದು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. ಕುರ್ಚಿ ಹುಡುಕಿ ಕೂತು, ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡಳು. ಗುಂಡ ಬಾನೆಟ್ಟು ಎತ್ತಿದ. ಪೈಪು ಕಳಚಿ ಬಿದ್ದಿತ್ತು. ಕ್ಲಿಪ್ಪು ಬಳೆಯಂತೆ ಅದರ ಮೇಲೆ ಸುಮ್ಮನೆ ನೇತಾಡುತ್ತಿತ್ತು. ಅವನು ಅದನ್ನು ಬೆರಳಲ್ಲಿ ಹಿಡಿದು ನೋಡಿದ, ಬಿಟ್ಟ, ಮತ್ತೆ ಹಿಡಿದು ನೋಡಿದ.

"ನಾನೇ ಬಿಗಿದಿದ್ದು," ಎಂದ. "ಬಿಗಿದಿದ್ದೆ ಅಂತಾನೇ ಅಂದ್ಕೊಂಡಿದ್ದೆ. ಇಪ್ಪತ್ತು ವರ್ಷದಲ್ಲಿ ಒಂದು ಕ್ಲಿಪ್ಪು ಮರೆತವನಲ್ಲ ಅಕ್ಕಾ. ನಿನ್ನ ಕೂರಿಸ್ಕೊಂಡು ಹೋಗಿ..." ಗುಂಡ ಕ್ಲಿಪ್ಪು ಬಿಟ್ಟು ಕೈ ಹಿಂದಕ್ಕೆಳೆದುಕೊಂಡ. "ಇನ್ಮೇಲೆ ಯಾರ ಗಾಡಿ ಮುಟ್ಟೋಕೂ ನಂಗೆ ಧೈರ್ಯ ಇಲ್ಲ."

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆ ಯೋಚನೆ ಬಂದದ್ದೇ ತಡ, ಡಾಕ್ಟ್ರಿಗೆ ತಮ್ಮ ಮೇಲೆಯೇ ಭಯವಾಯಿತು. ಮೂರನೇ ತಿರುವಿನಲ್ಲೂ ಅಷ್ಟು ಭಯವಾಗಿರಲಿಲ್ಲ.

"ನೀನು ಸರಿಯಾಗೇ ಬಿಗಿದಿದ್ದೆ," ಎಂದರು. "ಸಡಿಲ ಮಾಡಿದ್ದು ನಾನು."

ಗುಂಡ ತಿರುಗಿ ನೋಡಿದ, ಅರ್ಥವಾಗದವನಂತೆ.

"ನೀನು ಕೈ ತೊಳೆಯೋಕೆ ಹೋಗಿದ್ಯಲ್ಲ, ಆಗ. ಗೇಟಲ್ಲಿ ವಾಪಸ್ ಕಳಿಸ್ತಾರೆ ಅಂದ್ಕೊಂಡಿದ್ದೆ. ನಂಗೆ... ನಂಗೆ ಓಡ್ಸೋಕೆ ಹೆದರಿಕೆ."

"ಯಾವಾಗಿಂದ?" ಎಂದಳು ಹೆಂಡತಿ, ಕುರ್ಚಿಯಿಂದಲೇ.

"ನಿನ್ನೆ ಬೆಳಿಗ್ಗೆಯಿಂದ."

"ನಾನು ಹತ್ತುವಾಗ ನಿಮಗೆ ಗೊತ್ತಿತ್ತು."

ಅದು ಪ್ರಶ್ನೆಯಾಗಿರಲಿಲ್ಲ. ಡಾಕ್ಟ್ರು ತಲೆಯಾಡಿಸಿದರು.

ಗುಂಡ ಕ್ಲಿಪ್ಪನ್ನು ಪೈಪಿನಿಂದ ಬಿಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡ. ಹೊಡೆದುಬಿಟ್ಟರೆ ಸಾಕೆನಿಸಿತು ಡಾಕ್ಟ್ರಿಗೆ. "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಭಾವ," ಎಂದ ಗುಂಡ.

"ನೀನು ನಗ್ತಿದ್ದೆ."

"ಹೌದು, ನಗ್ತಿದ್ದೆ. ಒಂದ್ನಿಮಿಷ ನಗ್ತಿದ್ದೆ." ಗುಂಡ ಕ್ಲಿಪ್ಪನ್ನು ಬ್ಯಾಟರಿಯ ಮೇಲಿಟ್ಟ. "ಅಷ್ಟೇ ಅಲ್ವಾ?"

ಕಾರನ್ನು ಮೂವರೂ ಸೇರಿ ತಾವು ತಂದಿದ್ದ ಪಿಕಪ್ಪಿನ ಹಿಂದಿನ ಟ್ರೈಲರಿಗೆ ತಳ್ಳಿ, ಚಕ್ರಗಳಿಗೆ ಪಟ್ಟಿ ಕಟ್ಟಿದರು. ಬಿಸಿಲು ಇಳಿಯುವ ಮೊದಲೇ ಹೊರಟರು. ಪಿಕಪ್ಪಿನ ಮುಂದೆ ಒಂದೇ ಉದ್ದ ಸೀಟು. ಗುಂಡ ಓಡಿಸುತ್ತಿದ್ದ. ಹೆಂಡತಿ ನಡುವೆ ಕೂತು, ಎರಡೂ ಕಡೆ ಮೈ ತಾಗದಂತೆ ಭುಜ ಒಳಗೆಳೆದುಕೊಂಡು ನೇರ ರಸ್ತೆ ನೋಡುತ್ತಿದ್ದಳು.

ಮೊದಲ ತಿರುವು ಬಂತು. ಅಂಥ ದೊಡ್ಡ ತಿರುವೇನಲ್ಲ, ಹಾಲಿನ ಲಾರಿಗಳು ನಿತ್ಯ ತಿರುಗುವಂಥದ್ದು. ಡಾಕ್ಟ್ರ ಕೈ ಬಾಗಿಲ ಮೇಲಿನ ಹಿಡಿಯನ್ನು ಗಪ್ಪನೆ ಹಿಡಿಯಿತು. ಅವರು ಅದನ್ನು ಬಚ್ಚಿಡಲಿಲ್ಲ. ಗುಂಡ ಕಣ್ಣಂಚಿನಲ್ಲಿ ಅದನ್ನು ನೋಡಿದ. ಅವನ ಮುಖ ಬದಲಾಗಲಿಲ್ಲ, ದವಡೆ ಬಿಗಿದೇ ಇತ್ತು. ಆದರೆ ಗೇರು ಒಂದು ಇಳಿಯಿತು, ಆಮೇಲೆ ಇನ್ನೊಂದು. ಹಿಂದಿನ ಗಾಡಿಗಳು ಒಂದರ ಹಿಂದೊಂದು ಹಾರ್ನ್ ಹೊಡೆಯತೊಡಗಿದವು. ಪಿಕಪ್ಪು ನಡಿಗೆಯ ವೇಗದಲ್ಲಿ ತಿರುವು ದಾಟುತ್ತಿತ್ತು.